ಅಡಿಕೆಯ ನಾಡಿನಲ್ಲಿ ಹಸುವಿನ ಲೆಕ್ಕ

ಕುಕ್ಕೆ ಸುಬ್ರಹ್ಮಣ್ಯಕ್ಕೂ ಧರ್ಮಸ್ಥಳಕ್ಕೂ ಯಾತ್ರೆ ಹೋಗಿಬರುವ ಬಯಲುಸೀಮೆಯ ನಮ್ಮ ಕುಟುಂಬಗಳು, ಘಟ್ಟವಿಳಿಯುತ್ತಿದ್ದಂತೆ ಬಸ್ಸಿನ ಕಿಟಕಿಯಲ್ಲಿ ಅಡಿಕೆ ತೋಟಗಳನ್ನು ಕಂಡು ಒಂದು ಮಾತನ್ನು ತಪ್ಪದೆ ಆಡುತ್ತವೆ: “ಈ ಜನಕ್ಕೇನು ಕಡಿಮೆ, ವರ್ಷವೆಲ್ಲ ಹಸಿರು, ಕೈತುಂಬ ಹಣ.” ಜೋಳ, ಕಡಲೆ ಬಿತ್ತಿ ಮೋಡದ ಕಡೆ ಮುಖ ಮಾಡಿ ಕುಳಿತುಕೊಳ್ಳುವವರಿಗೆ ಹಾಗೆ ಅನ್ನಿಸುವುದು ಸಹಜ. ಆ ಮಾತನ್ನು ಸ್ವಲ್ಪ ತಿದ್ದಬೇಕೆಂಬುದು ಈ ಲೇಖನದ ಆಶಯ.

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ದೊಡ್ಡ ತೋಟಗಳ ಮನೆತನಗಳಿವೆ, ನಿಜ. ಆದರೆ ಒಂದೆರಡು ಎಕರೆಯನ್ನೇ ನಂಬಿ ಬದುಕುವ ಮನೆಗಳು ಅವಕ್ಕಿಂತ ಎಷ್ಟೋ ಹೆಚ್ಚು. ಅಡಿಕೆಯ ಧಾರಣೆ ಏರಿದ ವರ್ಷ ಇಬ್ಬರೂ ಸುಖಿಗಳು. ಇಳಿದ ವರ್ಷ ದೊಡ್ಡವನು ಕಾಯುತ್ತಾನೆ, ಸಣ್ಣವನು ಮಾರುತ್ತಾನೆ. ಸಣ್ಣವನೂ ಕಾಯುವಂತಾಗುವುದು ಹೇಗೆ ಎಂಬುದೇ ಪ್ರಶ್ನೆ. ಆ ಸೀಮೆಯಲ್ಲಿ ಅದಕ್ಕೆ ಹಿಂದಿನಿಂದ ಇದ್ದ ಉತ್ತರ ಮನೆಯ ಹಿಂಬದಿಯ ಹಟ್ಟಿಯಲ್ಲಿತ್ತು. (ಅಲ್ಲಿ ಹಟ್ಟಿಯೆಂದರೆ ದನದ ಕೊಟ್ಟಿಗೆ, ನಮ್ಮ ಕಡೆಯ ಹಾಗೆ ಸಣ್ಣ ಊರಲ್ಲ.) ಆ ಹಟ್ಟಿಗಳು ಈಗ ಒಂದೊಂದಾಗಿ ಬರಿದಾಗುತ್ತಿವೆ.

ಕಡಬವು ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಕೂಡಿಸಿ ಈಚಿನ ವರ್ಷಗಳಲ್ಲಿ ರಚಿಸಿದ ತಾಲ್ಲೂಕು; ಸುಬ್ರಹ್ಮಣ್ಯ ಕ್ಷೇತ್ರವೂ ಈಗ ಅದಕ್ಕೇ ಸೇರಿದೆ. ಪೂರ್ವಕ್ಕೆ ಘಟ್ಟದ ಕಾಡು, ನಡುವೆ ಕುಮಾರಧಾರಾ, ದಕ್ಷಿಣಕ್ಕೆ ಪಯಸ್ವಿನಿ. ಮಳೆ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್. ವಿಜಯಪುರದ ಮಳೆಯ ಆರೇಳು ಪಟ್ಟು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಇಷ್ಟು ಮಳೆ ಬೀಳುವ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಸತ್ವ ನಿಲ್ಲುವುದಿಲ್ಲ. ಸುಣ್ಣವೂ ಪೊಟ್ಯಾಷೂ ತೊಳೆದುಹೋಗಿ ನೆಲ ಹುಳಿಯಾಗುತ್ತದೆ. ನಮ್ಮ ಎರೆಭೂಮಿ ಗೊಬ್ಬರವಿಲ್ಲದೆಯೂ ಕೆಲವು ವರ್ಷ ಮುನಿಸಿಕೊಳ್ಳದೆ ಬೆಳೆ ಕೊಟ್ಟೀತು. ಅಲ್ಲಿಯ ನೆಲಕ್ಕೆ ಅಂಥ ಸಹನೆ ಇಲ್ಲ. ವರ್ಷ ವರ್ಷವೂ ಸೊಪ್ಪು, ಸೆಗಣಿ ಉಣಿಸಿದರೆ ಮಾತ್ರ ಅದು ಮನುಷ್ಯನಿಗೆ ಉಣಿಸುತ್ತದೆ.

ಈ ಸೀಮೆಗೂ ನಮ್ಮ ಓದುಗರಿಗೂ ಒಂದು ಹಳೆಯ ನಂಟುಂಟು. ಟಿಪ್ಪು ಸುಲ್ತಾನನ ಪತನದ ತರುವಾಯ ಅಮರ ಸುಳ್ಯ, ಪುತ್ತೂರು, ಪಂಜ, ಬೆಳ್ಳಾರೆಯ ಭಾಗಗಳು ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಬಂದವು. ಆ ಅರಸರು ವೀರಶೈವರು. ೧೮೩೪ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು ಈ ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯ ತನಕ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ಕೊಡಬೇಕೆಂದು ವಿಧಿಸಿದರು. ೧೮೩೭ರ ಅಮರ ಸುಳ್ಯ ದಂಗೆಗೆ ಇದು ಮುಖ್ಯ ಕಾರಣಗಳಲ್ಲೊಂದು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಮಂಗಳೂರಿನ ತನಕ ಹೋದದ್ದು ಚರಿತ್ರೆಯಲ್ಲಿದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ಬೆಳೆ ಇದ್ದರೂ ನಗದಿಲ್ಲದ ರೈತ, ನಗದು ಕೇಳಿದ ದಿನವೇ ಸಿಕ್ಕಿದ ಬೆಲೆಗೆ ಬೆಳೆಯನ್ನು ಮಾರಬೇಕಾಗುತ್ತದೆ. ಕೇಳುವವರು ಬದಲಾಗಿದ್ದಾರೆ. ಶಾಲೆಯ ಶುಲ್ಕ, ಆಸ್ಪತ್ರೆ, ಸೊಸೈಟಿಯ ಸಾಲದ ಕಂತು ಈಗ ಆ ಜಾಗದಲ್ಲಿವೆ.

ಅಡಿಕೆಗೆ ಒಂದು ವಿಶೇಷ ಗುಣವಿದೆ, ಕೆಡದೆ ನಿಲ್ಲುತ್ತದೆ. ಶಿವಮೊಗ್ಗದ ಕಡೆ ಎಳೆಯ ಕಾಯಿಯನ್ನು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಇಲ್ಲಿ ಹಣ್ಣಡಿಕೆಯನ್ನೇ ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಒಣಗಿಸಿ, ಸುಲಿದು, ಚಾಲಿ ಮಾಡುತ್ತಾರೆ. ಆ ವರ್ಷದ್ದು ‘ಹೊಸತು’. ಒಂದು ವರ್ಷ ಕಾದಿಟ್ಟದ್ದು ‘ಸಿಂಗಲ್ ಚೋಲ್’. ಇನ್ನೂ ಹಳೆಯದು ‘ಡಬ್ಬಲ್ ಚೋಲ್’. ಹಳೆಯದಕ್ಕೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಎಂದರೆ ಕಾಯುವ ಶಕ್ತಿಗೇ ಪೇಟೆ ಹಣ ಕೊಡುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ೧೯೭೩ರಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಹುಟ್ಟಿತು. ವ್ಯಾಪಾರಿಗಳ ಮರ್ಜಿಗೆ ಅಷ್ಟರಮಟ್ಟಿಗೆ ತಡೆ ಬಿತ್ತು. ಆದರೂ ಈ ಶತಮಾನದ ಮೊದಲ ವರ್ಷಗಳಲ್ಲಿ ಧಾರಣೆ ಮತ್ತೊಮ್ಮೆ ನೆಲಕಚ್ಚಿತು. ಈಚೆಗೆ ಕಿಲೋಗೆ ನಾನೂರು ರೂಪಾಯಿಯನ್ನು ದಾಟಿರುವ ಬೆಲೆಯನ್ನು ನೋಡಿ, ಗದ್ದೆಗಳನ್ನೂ ಬಿಡದೆ ಅಡಿಕೆ ಸಸಿ ನೆಡುತ್ತಿರುವವರು ಆ ವರ್ಷಗಳನ್ನು ಮರೆತಂತೆ ಕಾಣುತ್ತದೆ.

ಬೆಲೆಯ ಚಿಂತೆಯಷ್ಟೇ ಅಲ್ಲ. ಮಡಿಕೇರಿಯಿಂದ ಸಂಪಾಜೆಯ ದಾರಿಯಾಗಿ ಸುಳ್ಯಕ್ಕೆ ಇಳಿಯುವವರು ಅರಂತೋಡಿನ ಆಸುಪಾಸಿನಲ್ಲಿ ತಲೆ ಹಳದಿಯಾಗಿ ಸೊರಗಿದ ಅಡಿಕೆ ಮರಗಳನ್ನು ಕಾಣಬಹುದು. ಇದು ಹಳದಿ ಎಲೆ ರೋಗ. ಫೈಟೋಪ್ಲಾಸ್ಮಾ ಎಂಬ, ಬರಿಗಣ್ಣಿಗೆ ಕಾಣದ ಜೀವಿಯಿಂದ ಬರುವ ಇದನ್ನು ಜಿಗಿಹುಳುವೊಂದು ಮರದಿಂದ ಮರಕ್ಕೆ ಹರಡುತ್ತದೆ, ಔಷಧಿ ಇಲ್ಲ. ೨೦೨೨ರಿಂದೀಚೆಗೆ ಎಲೆಚುಕ್ಕೆ ರೋಗವೂ ಘಟ್ಟದ ಬುಡದ ಗ್ರಾಮಗಳಲ್ಲಿ ತೀವ್ರವಾಯಿತು. ಕೊಳೆರೋಗವಂತೂ ಹಳೆಯ ಶತ್ರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿ ಗ್ರಂಥ ಪ್ರಕಟಿಸಿದ್ದು ೧೯೧೦ರಲ್ಲಿ. ಆ ಕಾಲದಿಂದಲೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನೇ ಮಳೆಗೆ ಮುಂಚೆಯೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಮರವೇರಿ ಮದ್ದು ಹೊಡೆಯುವ ನುರಿತ ಆಳು ಸಿಗುವುದೇ ದುರ್ಲಭವಾಗಿದೆ. ಇನ್ನೊಂದು ಮಾತನ್ನು ಬೆಳೆಗಾರರು ಕಹಿಯೆಂದುಕೊಂಡರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ. ಆ ವಾದ ಮುಗಿಯುವ ತನಕ ಮಕ್ಕಳ ಭವಿಷ್ಯವನ್ನೆಲ್ಲ ಒಂದೇ ಮರಕ್ಕೆ ಕಟ್ಟುವುದು ವಿವೇಕವಲ್ಲವೆಂದು ನನ್ನ ಅಭಿಪ್ರಾಯ.

ಒಂದು ಎಕರೆಯ ಗಣಿತ

ಇನ್ನು ಹಸುವಿನ ಮಾತು. ಮಠದಲ್ಲಿ ಓದುತ್ತಿದ್ದಾಗ ಬೆಳಗಿನ ಪಾಠಕ್ಕೆ ಮುನ್ನ ದನದ ಮನೆಯ ಸೆಗಣಿ ಬಾಚುವ ಸರದಿ ನಮಗೆ ಬರುತ್ತಿತ್ತು. ಆದುದರಿಂದ ಈ ಲೆಕ್ಕವನ್ನು ಪುಸ್ತಕದಿಂದಷ್ಟೇ ಮಾಡುತ್ತಿಲ್ಲ. ಅಡಿಕೆ ಮರಗಳನ್ನು ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು ೫೫೦ ಮರ. ವಿಟ್ಲದಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಆ ಸಂಸ್ಥೆಯ ಶಿಫಾರಸಿನಂತೆ ಮರವೊಂದಕ್ಕೆ ವರ್ಷಕ್ಕೆ ೧೨ ಕಿಲೋ ಕೊಟ್ಟಿಗೆ ಗೊಬ್ಬರ, ೧೨ ಕಿಲೋ ಹಸಿರು ಸೊಪ್ಪು ಬೇಕು. ಇದರ ಮೇಲೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್. ಹಾಗಾದರೆ ಒಂದು ಎಕರೆಗೆ ಗೊಬ್ಬರವೇ ೬,೬೦೦ ಕಿಲೋ ಆಯಿತು. ಒಳ್ಳೆಯ ಹಟ್ಟಿಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟಿದೆಯೆಂದು ಹಿಡಿದರೆ ಅಷ್ಟರಲ್ಲಿ ೩೩ ಕಿಲೋ ಸಾರಜನಕ ಬರುತ್ತದೆ. ಅದನ್ನು ಯೂರಿಯಾದ ಲೆಕ್ಕಕ್ಕೆ ತಂದರೆ ಎಪ್ಪತ್ತು ಕಿಲೋದಷ್ಟಾಗುತ್ತದೆ. ಮಣ್ಣನ್ನು ಹಗುರಗೊಳಿಸಿ, ಬೇಸಿಗೆಯಲ್ಲಿ ತೇವ ಹಿಡಿದಿಡುವ ಗುಣ ಯೂರಿಯಾದ ಚೀಲದಲ್ಲಿ ಸಿಗುವುದಿಲ್ಲ.

ಈ ೬,೬೦೦ ಕಿಲೋ ಎಲ್ಲಿಂದ ಬರಬೇಕು? ದಿನಕ್ಕೆ ಹತ್ತು ಕಿಲೋ ಸೆಗಣಿ ಹಾಕುವ ಒಂದು ಹಸು ವರ್ಷಕ್ಕೆ ೩,೬೫೦ ಕಿಲೋ ಕೊಡುತ್ತದೆ. ಮೇಯಲು ಹೋದಾಗ ಬಿದ್ದದ್ದು, ಒಣಗಿದಾಗ ಕುಗ್ಗಿದ್ದು ಕಳೆದು, ಕಾಲಡಿಗೆ ಹಾಸಿದ ಸೊಪ್ಪು ತರಗೆಲೆಗಳನ್ನು ಕೂಡಿಸಿದರೆ, ಒಂದು ಎಕರೆಗೆ ಎರಡು ಹಸು ಎಂಬ ಲೆಕ್ಕ ಬರುತ್ತದೆ. ಸುಭಾಷ್ ಪಾಳೇಕರ್ ಅವರು ಒಂದು ನಾಟಿ ಹಸುವಿನಿಂದ ಮೂವತ್ತು ಎಕರೆ ಸಾಗಿಸಬಹುದೆಂದು ಸಾರಿ ನಮ್ಮ ಕಡೆಯೂ ಬಹಳ ಹೆಸರಾದರು. ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ಊರಿನಲ್ಲಿ, ಪ್ರತಿ ವರ್ಷ ಗೊನೆ ಗೊನೆಯಾಗಿ ಪೊಟ್ಯಾಷನ್ನು ಹೊರಗೆ ಸಾಗಿಸುವ ಬೆಳೆಗೆ ಆ ಲೆಕ್ಕ ಹೊಂದಲಾರದು. ಜೀವಾಮೃತ ಬೇಡವೆಂದಲ್ಲ, ಅದು ಗೊಬ್ಬರದ ಗುಂಡಿಗೆ ಬದಲಿಯಲ್ಲ.

ಎರಡು ಹಸುವಿಗೆ ಮೇವೆಲ್ಲಿ ಎಂಬುದು ಮುಂದಿನ ಪ್ರಶ್ನೆ, ಮತ್ತು ನಿಜವಾದ ಕಷ್ಟ ಇರುವುದು ಇಲ್ಲಿಯೇ. ಹಿಂದೆ ಇದಕ್ಕೆ ಎರಡು ಆಧಾರಗಳಿದ್ದವು. ಮೊದಲನೆಯದು ಗದ್ದೆ. ನೀರು ನಿಲ್ಲುವ ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಅದಕ್ಕಿಂತ ಎತ್ತರದ ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಮನೆಗೆ ಅಕ್ಕಿ, ಹಟ್ಟಿಗೆ ಬೈಹುಲ್ಲು. ಎರಡನೆಯದು ಕುಮ್ಕಿ. ವರ್ಗ ಜಮೀನಿನ ಅಂಚಿನಿಂದ ನೂರು ಗಜದ ತನಕದ ಸರ್ಕಾರಿ ನೆಲದಿಂದ ಸೊಪ್ಪು, ಸೌದೆ, ಮೇವು ತರುವ ಹಕ್ಕಿಗೆ ಆ ಹೆಸರು; ೧೯೬೪ರ ಭೂಕಂದಾಯ ಕಾಯಿದೆಯೂ ಅದನ್ನು ಮಾನ್ಯ ಮಾಡಿದೆ. ೧೯೭೪ರ ಭೂಸುಧಾರಣೆಯಿಂದ ಗೇಣಿದಾರರು ಭೂಮಾಲೀಕರಾದದ್ದು ಆ ಜಿಲ್ಲೆಯ ಬಹುದೊಡ್ಡ ಸಾಮಾಜಿಕ ಪರಿವರ್ತನೆ. ತರುವಾಯದ ಐವತ್ತು ವರ್ಷಗಳಲ್ಲಿ ಗದ್ದೆಗೆ ಅಡಿಕೆ ಬಂತು, ಗುಡ್ಡಕ್ಕೆ ಗೇರು ಮತ್ತು ರಬ್ಬರ್ ಬಂದವು. ಬೈಹುಲ್ಲು ಈಗ ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯುತ್ತದೆ. ಅದರ ಬಾಡಿಗೆಯನ್ನೂ ಹಸುವಿನ ಲೆಕ್ಕಕ್ಕೆ ಬರೆದು, ಹಸು ನಷ್ಟವೆಂದು ಹೇಳಿ ಮಾರಿಬಿಡುತ್ತಾರೆ.

ಬತ್ತದ ತಳಿಗಳೂ ಈ ದಾರಿಯಲ್ಲಿಯೇ ಹೋದವು. ಕಾಸರಗೋಡಿನ ಗಡಿಗ್ರಾಮ ನೆಟ್ಟಣಿಗೆಯ ಕೃಷಿಕ ಸತ್ಯನಾರಾಯಣ ಬೇಳೇರಿ ಅವರು ಆರುನೂರೈವತ್ತಕ್ಕೂ ಮಿಕ್ಕಿದ ಬತ್ತದ ತಳಿಗಳನ್ನು ಉಳಿಸಿದ್ದಕ್ಕಾಗಿ ೨೦೨೪ರಲ್ಲಿ ಪದ್ಮಶ್ರೀ ಪಡೆದರು. ಇಂಥವರು ಬೀಜವನ್ನು ಉಳಿಸಿಯಾರು. ಗದ್ದೆಯನ್ನು ಉಳಿಸುವ ಹೊಣೆ ಒಬ್ಬರದಲ್ಲ.

ಆದರೆ ತೋಟದೊಳಗೇ ಮೇವುಂಟು. ಮರವೊಂದು ವರ್ಷಕ್ಕೆ ಆರರಂತೆ ಸೋಗೆ ಉದುರಿಸಿದರೆ ಒಂದು ಎಕರೆಯಲ್ಲಿ ಮೂರು ಸಾವಿರದ ಮುನ್ನೂರು ಸೋಗೆ, ಅಷ್ಟೇ ಹಾಳೆ. ಸೋಗೆ ಗೊಬ್ಬರಕ್ಕಾಯಿತು. ಹಾಳೆಯನ್ನು ಕತ್ತರಿಸಿ ಹಸುವಿಗೆ ಹಾಕುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ಒಣಮೇವಾಗಿ ಅದು ಬೈಹುಲ್ಲಿನ ಸ್ಥಾನವನ್ನು ತಕ್ಕಮಟ್ಟಿಗೆ ತುಂಬುತ್ತದೆ. ಈಗ ಹಾಳೆ ಕತ್ತರಿಸುವ ಸಣ್ಣ ಯಂತ್ರಗಳೂ ಬಂದಿರುವುದರಿಂದ ಮನೆಯ ಹೆಂಗಸರ ಕೈನೋವು ಕಡಿಮೆಯಾಗಿದೆ. ಮೈಲುತುತ್ತು ಬಿದ್ದ ಹಾಳೆಯನ್ನು ಮಾತ್ರ ಹಸುವಿನ ಮುಂದೆ ಹಾಕದೆ ಗೊಬ್ಬರದ ಗುಂಡಿಗೇ ಸೇರಿಸುವುದು ಒಳ್ಳೆಯದು. ತೋಟದ ಅಂಚಿನಲ್ಲಿ, ತೋಡಿನ ದಂಡೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲನ್ನು ನೆಟ್ಟು, ಹಟ್ಟಿ ತೊಳೆದ ನೀರನ್ನು ಅದಕ್ಕೆ ಬಿಟ್ಟರೆ ಹಸಿಮೇವಿನ ಬಹುಭಾಗ ಒದಗುತ್ತದೆ. ವಿಟ್ಲದ ಕೇಂದ್ರದಲ್ಲಿ ಅಡಿಕೆ, ಮೇವಿನ ಹುಲ್ಲು, ಹೈನು, ಮೀನು ಎಲ್ಲವನ್ನೂ ಒಂದಕ್ಕೊಂದು ಹೆಣೆದು ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ಈ ಹಾದಿಯನ್ನೇ ತೋರಿಸಿವೆ.

ಯಾವ ಹಸು ಎಂಬ ಜಿಜ್ಞಾಸೆಯಲ್ಲಿ ಭಾವುಕತೆ ಬೇಡ. ಆ ಸೀಮೆಯ ಮಲೆನಾಡು ಗಿಡ್ಡ ನೂರು ಕಿಲೋ ಆಸುಪಾಸಿನ ಪುಟ್ಟ ದನ. ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಅದನ್ನು ಸ್ವತಂತ್ರ ತಳಿಯೆಂದು ನೋಂದಾಯಿಸಿದೆ. ದಿನಕ್ಕೆ ಒಂದೂವರೆ, ಎರಡು ಲೀಟರ್ ಹಾಲು. ಮಿಶ್ರತಳಿಯ ಹಸು ನಾನೂರು ಕಿಲೋ ತೂಗುತ್ತದೆ. ಎಂಟು ಹತ್ತು ಲೀಟರ್ ಕೊಡುತ್ತದೆ. ದನ ತನ್ನ ತೂಕದ ನೂರಕ್ಕೆ ಎರಡೂವರೆ ಮೂರು ಪಾಲು ಒಣಮೇವು ತಿನ್ನುವುದರಿಂದ, ಒಂದು ಮಿಶ್ರತಳಿಯ ಮೇವಿನಲ್ಲಿ ನಾಲ್ಕು ಗಿಡ್ಡಗಳು ಬದುಕುತ್ತವೆ. ಹಾಲನ್ನು ಡೈರಿಗೆ ಹಾಕಿ ಹಣ ಕಾಣಬೇಕೆನ್ನುವವನಿಗೆ ಮಿಶ್ರತಳಿಯೇ ಸರಿ, ಹಿಂಡಿಯ ಬೆಲೆಯ ಮೇಲೆ ಕಣ್ಣಿಟ್ಟರೆ. ಮನೆಗೆ ಹಾಲು, ತೋಟಕ್ಕೆ ಗೊಬ್ಬರ ಸಾಕು, ಗುಡ್ಡದಲ್ಲಿ ಮೇಯಲು ಜಾಗವೂ ಇದೆ ಎನ್ನುವವನಿಗೆ ಗಿಡ್ಡ. ಸೊಪ್ಪು ಹಾಸಿದ ಹಳೆಯ ಗುಂಡಿಹಟ್ಟಿಯಲ್ಲಿ ಗಿಡ್ಡ ಸುಖವಾಗಿರುತ್ತದೆ. ದೊಡ್ಡ ಕೆಚ್ಚಲಿನ ಮಿಶ್ರತಳಿಯನ್ನು ಅದೇ ಹಟ್ಟಿಯಲ್ಲಿ ಕಟ್ಟಿದರೆ ಕೆಚ್ಚಲುಬಾವು ತಪ್ಪದು. ಅದಕ್ಕೆ ಸಿಮೆಂಟಿನ ನೆಲ ಬೇಕು. ಹುಟ್ಟಿದ ಗಂಡುಕರುವನ್ನೇನು ಮಾಡುವುದೆಂಬ ಪ್ರಶ್ನೆಗೆ, ಉಳುವ ಯಂತ್ರಗಳು ಬಂದಮೇಲೆ, ಯಾರೂ ಸಮಾಧಾನದ ಉತ್ತರ ಹೇಳಿದ್ದನ್ನು ನಾನು ಕೇಳಿಲ್ಲ.

ಸಿಮೆಂಟಿನ ನೆಲದ ಹಟ್ಟಿಗೆ ಗೋಬರ್ ಗ್ಯಾಸಿನ ಗುಂಡಿ ಜೊತೆಯಾದರೆ ಒಂದೇ ಸೆಗಣಿ ಎರಡು ಸಲ ದುಡಿಯುತ್ತದೆ. ಒಂದು ಘನಮೀಟರಿನ ಘಟಕಕ್ಕೆ ದಿನಕ್ಕೆ ೨೫ ಕಿಲೋ ಸೆಗಣಿ ಸಾಕು. ಮಿಶ್ರತಳಿಯ ಎರಡು ಹಸುಗಳು ಅಷ್ಟು ಕೊಡುತ್ತವೆ. ಸಣ್ಣ ಸಂಸಾರದ ಅಡುಗೆಯ ದೊಡ್ಡ ಪಾಲು ಅದರಲ್ಲಿ ಸಾಗುತ್ತದೆ. ಹೊರಬರುವ ಬಗ್ಗಡವನ್ನು ಪಂಪಿನಿಂದ ಮರದ ಬುಡಕ್ಕೆ ಹಾಯಿಸಿದರೆ ಹೊರುವ ಆಳಿನ ಖರ್ಚೂ ಉಳಿಯುತ್ತದೆ.

ಹೈನಿನ ಲಾಭವನ್ನು ಹಾಲಿನ ಬೆಲೆಯಿಂದಷ್ಟೇ ಅಳೆಯುವವರು ಮುಖ್ಯವಾದದ್ದನ್ನು ಬಿಡುತ್ತಾರೆ. ದಕ್ಷಿಣ ಕನ್ನಡ ಹಾಲು ಒಕ್ಕೂಟದ ಸಂಘಗಳು ಹಳ್ಳಿ ಹಳ್ಳಿಗಳಲ್ಲಿವೆ. ಹಾಲಿನ ಹಣ ಸಣ್ಣದಾದರೂ ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೆ ಹಲವು ಬಾರಿ ಬರುತ್ತದೆ. ಜೂನ್ ತಿಂಗಳಲ್ಲಿ ಮದ್ದು ಹೊಡೆಯುವ ಕೂಲಿ, ಮಕ್ಕಳ ಪುಸ್ತಕ ಎರಡೂ ಒಟ್ಟಿಗೆ ಎದುರಾದಾಗ, ಹಾಲಿನ ಹಣವಿರುವ ಮನೆ ಅಟ್ಟದ ಮೇಲಿನ ಅಡಿಕೆ ಚೀಲಗಳನ್ನು ಮುಟ್ಟುವುದಿಲ್ಲ. ಅವು ಚೋಲ್ ಆಗುವ ತನಕ ಅಲ್ಲಿಯೇ ಇರುತ್ತವೆ. ಹಸುವಿಲ್ಲದ ನೆರೆಮನೆಯವನು ಅದೇ ತಿಂಗಳು ಹೊಸತರ ಬೆಲೆಗೆ ಮಾರುತ್ತಾನೆ. ಹಸುವಿನ ಆದಾಯದ ಒಂದು ಪಾಲು ಹೀಗೆ ಅಡಿಕೆಯ ಖಾತೆಯಲ್ಲಿ ಅಡಗಿ ಕುಳಿತಿರುತ್ತದೆ. ಬರೆಯುವವರಿಲ್ಲದ ಕಾರಣ ಹಸು ನಷ್ಟದ ಬಾಬ್ತಾಗುತ್ತದೆ.

ಮರದ ಮೈಯೂ ನೆರಳೂ

ತೋಟದೊಳಗಿನ ಉಪಬೆಳೆಗಳೂ ಇದೇ ಕೆಲಸ ಮಾಡುತ್ತವೆ. ಕಾಳುಮೆಣಸಿಗೆ ಅಡಿಕೆ ಮರವೇ ಆಸರೆ. ನೆಲವನ್ನು ಕೇಳದ ಬೆಳೆಯದು. ಒಣಗಿಸಿಟ್ಟರೆ ಅಡಿಕೆಯಂತೆಯೇ ವರ್ಷಗಟ್ಟಲೆ ಕಾಯುತ್ತದೆ. ಕೊಕ್ಕೋದ ಕಥೆ ಪಾಠವಿದ್ದಂತೆ. ಎಪ್ಪತ್ತರ ದಶಕದಲ್ಲಿ ಅದನ್ನು ನೆಡಿರೆಂದು ಪ್ರೋತ್ಸಾಹಿಸಿದ ಕಂಪನಿ ಬೆಲೆ ಕುಸಿದಾಗ ಖರೀದಿಯಿಂದ ಹಿಂದೆ ಸರಿಯಿತು. ಕೆಲವರು ಗಿಡಗಳನ್ನು ಕಡಿದು ಹಾಕಿದರು. ಕ್ಯಾಂಪ್ಕೋ ಖರೀದಿಗೆ ಇಳಿಯಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ನಮ್ಮ ಮಕ್ಕಳು ತಿನ್ನುವ ಚಾಕೊಲೇಟಿನಲ್ಲಿ ಅಲ್ಲಿಯ ಸಣ್ಣ ರೈತನ ಪಾಲಿರುವುದು ಹೀಗೆ. ಅದೇ ೧೯೮೬ರಲ್ಲಿ ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರವೂ ಪುತ್ತೂರಿನಲ್ಲಿ ಆರಂಭವಾಯಿತು. ೧೯೮೮ರಿಂದ ಅದೇ ಊರಿನಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯು, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ, ರೈತರಿಂದಲೇ ಬರೆಸಿ, ಹಿತ್ತಲಲ್ಲಿ ಬಿದ್ದು ಕೊಳೆಯುತ್ತಿದ್ದ ಹಲಸಿಗೆ ಮಾನ ತಂದುಕೊಟ್ಟಿತು.

ಜೇನು ಮತ್ತೊಂದು. ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ನಾಶಮಾಡಿದಾಗ ಬಹಳ ಮಂದಿಯ ಪೆಟ್ಟಿಗೆಗಳು ಖಾಲಿಯಾದವು. ಪಟ್ಟು ಬಿಡದ ಕೆಲವರು ಉಳಿದ ಕುಟುಂಬಗಳಿಂದಲೇ ಮತ್ತೆ ಬೆಳೆಸಿದರು. ಕೋಳಿ ಸಾಕುವ ಮನೆಗಳೂ ಅಲ್ಲಿ ಅನೇಕ. ನಮ್ಮ ಓದುಗರಿಗೆ ಅದು ಸಲ್ಲದ ವಿಷಯವಾದುದರಿಂದ ಇಲ್ಲಿ ಬಿಟ್ಟಿದ್ದೇನೆ.

ನೀರಿನ ಮಾತನ್ನು ಆಡದಿದ್ದರೆ ಇದು ಅಪೂರ್ಣವಾದೀತು. ಇಷ್ಟು ಮಳೆಯ ನಾಡಿನಲ್ಲಿ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಾಣುತ್ತದೆ. ಹಿರಿಯರು ಮಳೆಗಾಲ ಮುಗಿದೊಡನೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದರು. ಒಂದು ಕಟ್ಟಕ್ಕೆ ಹತ್ತು ಮನೆಯ ಕೈ ಸೇರಬೇಕಿತ್ತು. ಕೊಳವೆಬಾವಿ ಬಂದು ಕೈಗಳು ಬೇರೆಯಾದವು. ಪುತ್ತೂರಿಗೆ ನೆರೆಯಾದ ಬಂಟ್ವಾಳ ತಾಲ್ಲೂಕಿನ ಕೇಪುವಿನಲ್ಲಿ ಅಮೈ ಮಹಾಲಿಂಗ ನಾಯ್ಕರು ಇದ್ದಾರೆ. ಅನ್ಯರ ತೋಟದಲ್ಲಿ ಮರವೇರುವ ಕೂಲಿಯಾಗಿದ್ದವರು. ದೊರೆತದ್ದು ಎರಡು ಎಕರೆ ಬೋಳುಗುಡ್ಡ. ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಗುಡ್ಡ ಕೊರೆದು ಸುರಂಗ ತೋಡಿದರು. ಹಲವು ಸುರಂಗಗಳು ಒಣಗಿಯೇ ಉಳಿದ ಮೇಲೆ ನೀರು ಸಿಕ್ಕಿತು; ಅಲ್ಲಿ ಅಡಿಕೆ, ತೆಂಗು, ಬಾಳೆಗಳೆದ್ದವು. ೨೦೨೨ರಲ್ಲಿ ಪದ್ಮಶ್ರೀ ಬಂತು. ಕಾಯಕವೆಂಬ ಶಬ್ದವನ್ನು ನಾವು ವೇದಿಕೆಗಳ ಮೇಲೆ ಬಹಳ ಸವೆಸಿದ್ದೇವೆ. ಅವರ ವಿಷಯದಲ್ಲಿ ಬಳಸಲು ಸಂಕೋಚವಿಲ್ಲ.

ಹಟ್ಟಿ ಬರಿದಾಗಲು ಮೇವಿನ ಕೊರತೆ ಒಂದೇ ಕಾರಣವಲ್ಲ. ಎರಡು ಹಸುವೆಂದರೆ ಮನೆಯ ಒಬ್ಬರಿಗೆ ದಿನಕ್ಕೆ ಮೂರು ಗಂಟೆಯ ದುಡಿಮೆ. ಹಬ್ಬವಿಲ್ಲ, ತವರಿನ ಮದುವೆಯಿಲ್ಲ. ಆ ಒಬ್ಬರು ಬಹುತೇಕ ಮನೆಗಳಲ್ಲಿ ಹೆಂಗಸು. ಮಕ್ಕಳು ಮಂಗಳೂರು, ಬೆಂಗಳೂರು ಸೇರಿ, ಮೊಣಕಾಲು ನೋವಿನ ತಾಯಿಯೊಬ್ಬಳೇ ಉಳಿದಾಗ ಹಸುವನ್ನು ಮಾರಿದ್ದಕ್ಕೆ ಅವಳನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಹಾಲಿನ ಸಂಘದ 'ಪಾಸ್ ಪುಸ್ತಕ' ಆಕೆಯ ಹೆಸರಿನಲ್ಲಿದೆಯೇ, ಹಣ ಆಕೆಯ ಕೈಗೆ ಬರುತ್ತದೆಯೇ ಎಂದು ಮೊದಲು ಕೇಳಬೇಕು. ಹಾಲು ಕರೆಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳಿಗೆ ಖರ್ಚು ಮಾಡಲು ಹಿಂಜರಿಯುವ ಗಂಡಸರು ತಮ್ಮ ಮೋಟಾರ್ ಸೈಕಲ್ಲಿಗೆ ಹಿಂಜರಿಯುವುದಿಲ್ಲ. ೨೦೨೨ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹರಡಿದಾಗ, ವಿಮೆಯಿಲ್ಲದ ಒಂದೇ ಹಸುವನ್ನು ಕಳೆದುಕೊಂಡವರು ಮತ್ತೆ ಕೊಳ್ಳಲಾರದೆ ಹೋದದ್ದೂ ಉಂಟು. ಹಸು ತಂದ ವಾರದಲ್ಲೇ ವಿಮೆ ಮಾಡಿಸಿ ಲಸಿಕೆ ಹಾಕಿಸುವುದು ಹಿಂಡಿ ತರುವಷ್ಟೇ ಅವಶ್ಯ.

ಸಂಪಾಜೆ, ಅರಂತೋಡಿನ ಕಡೆ ಹಳದಿ ರೋಗದ ನಡುವೆಯೂ ಹಸಿರಾಗಿಯೇ ನಿಂತ ಮರಗಳನ್ನು ಸಂಶೋಧಕರು ಗುರುತಿಸಿ, ಅವುಗಳಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಪಡೆಯುವ ಪ್ರಯತ್ನದಲ್ಲಿದ್ದಾರೆ. ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕು. ನಿರೋಧ ಶಕ್ತಿ ನಿಜವೆಂದು ತಿಳಿಯಲು ಇನ್ನೂ ಹೆಚ್ಚು. ಅಷ್ಟು ಕಾಲ ಆ ಮನೆಗಳು ಮೆಣಸು, ಕೊಕ್ಕೋ, ಬಾಳೆ, ಈಚೆಗೆ ಕಾಫಿಯನ್ನೂ ನೆಟ್ಟು ನೋಡುತ್ತಿವೆ. ಹಟ್ಟಿಯಲ್ಲಿ ಹಸುವಿರುವವರಿಗೆ ಈ ಹೊಸ ಗಿಡಗಳ ಬುಡಕ್ಕೆ ಹಾಕಲು ಗೊಬ್ಬರವಿದೆ, ಗಿಡ ಬೆಳೆಯುವ ತನಕ ಸಂಜೆ ಸಂಘಕ್ಕೆ ಹೊತ್ತೊಯ್ಯಲು ಒಂದು ಕ್ಯಾನು ಹಾಲೂ ಇದೆ.